ಮೆಡಿಕಲ್ ಅಪ್ಲಿಕೇಶನ್‌ದಾಗ ನಾಯಿ ಸಾಕಿದ್ದು ಬರೀಬೇಕೋ ಬ್ಯಾಡೋ?

ಸಾಧನಕೇರಿ ಹುಡುಗಿ

ಎಲ್ಲಾರಿಗೂ ನಮಸ್ಕಾರ್ರಿ. ಪ್ರಶ್ನೆ ವಿಚಿತ್ರ ಅದ, ನಗಬ್ಯಾಡ್ರಿ ಮತ್ತ. ನಾ ಹುಟ್ಟಿದ್ದು ಅಮೇರಿಕಾದಾಗ, ಅಪ್ಪ ಆವಾಗ ನ್ಯೂಜೆರ್ಸಿ ಒಳಗ ಕೆಲಸಕ್ಕಿದ್ರು, ನಂಗ ನಾಕು ವರ್ಷ ಇದ್ದಾಗ ಎಲ್ಲಾರೂ ಧಾರವಾಡಕ್ಕ ವಾಪಸ್ ಬಂದ್ವಿ. ಸಾಲಿ, ಪಿಯುಸಿ ಎಲ್ಲಾ ಇಲ್ಲೇ. ಡಿಗ್ರಿಗೆ ಮತ್ತ ಆ ಕಡೆ ಹೋದೆ, ಬಯಾಲಜಿ ಮುಗಿಸಿ ಎಂಕ್ಯಾಟ್ (ಅಲ್ಲಿ ಮೆಡಿಕಲ್ ಎಂಟ್ರನ್ಸ್ ಪರೀಕ್ಷಾ) ಬರದು ಈಗ ಮನಿಗೆ ಬಂದೀನಿ, ಈ ಸಲ ಅಲ್ಲಿ ಎಂಡಿಗೆ (ನಮ್ಮ ಎಂಬಿಬಿಎಸ್ ಇದ್ದಂಗ, ಡಾಕ್ಟರ್ ಆಗೋ ಡಿಗ್ರಿ) ಅಪ್ಲೈ ಮಾಡೋದದ.

ಅಲ್ಲಿ ಮೆಡಿಕಲ್ ಕಾಲೇಜುಗಳಿಗೆ ತುಂಬೋ ಆಮ್‌ಕ್ಯಾಸ್ ಫಾರ್ಮ್‌ನಾಗ ‘ವರ್ಕ್ ಅಂಡ್ ಆಕ್ಟಿವಿಟೀಸ್’ ಅಂತ 15 ಖಾನೆ ಇರತಾವಲ್ರಿ, ನಂದು 13 ತುಂಬ್ಯಾವ. ಲ್ಯಾಬು, ಶ್ಯಾಡೋಯಿಂಗು (ಡಾಕ್ಟರ್ ಜೋಡಿ ಇದ್ದು ಅವರ ಕೆಲಸ ನೋಡೋದು), ಹಾಸ್ಪಿಟಲ್ ವಾಲಂಟಿಯರಿಂಗು, ಎಲ್ಲಾರು ಹಾಕೋದ ನಾನೂ ಹಾಕೀನಿ. ಉಳದ ಎರಡರಾಗ ಒಂದಕ್ಕ ನಮ್ಮ ಬಾಣನ್ನ ಹಾಕಬೇಕಂತ ಮನಸು. ಬಾಣ ಅಂದ್ರ ನಮ್ಮ ಮುಧೋಳ ನಾಯಿ, ನಾ ಒಂಬತ್ತನೆತ್ತೆ ಇದ್ದಾಗ ಬಂದದ್ದು, ಈಗ 9 ವರ್ಷ ಆತು. ನವಲಗುಂದದ ಕಡೆ ನಮ್ಮ ಅಜ್ಜಾನ ಹೊಲದಾಗ ಎರಡು ಧಾರವಾಡಿ ಎಮ್ಮಿನೂ ಅವ, ಸೂಟ್ಯಾಗ ಹೋದಾಗೆಲ್ಲ ನಾನ ಹಿಂಡತಿದ್ದೆ, ಆದ್ರ ಎಮ್ಮಿಗೆ ಪೆಟ್ ಅಂತಾರೋ ಇಲ್ಲೋ ನಂಗ ಗೊತ್ತಾಗವಲ್ದು.

ಫಾರ್ಮ್‌ನಾಗ ಒಟ್ಟು ತಾಸು ಕೇಳ್ತಾರ. ದಿನಾ 2 ತಾಸಿನಂಗ 9 ವರ್ಷಕ್ಕ ಲೆಕ್ಕ ಹಾಕಿದ್ರ 6,570 ಬಂತು. ನನ್ನ ಹಾಸ್ಪಿಟಲ್ ತಾಸೆಲ್ಲಾ ಕೂಡಿಸಿದ್ರೂ ಅದರ ಹತ್ತರಾಗ ಒಂದು ಪಾಲಾಗಂಗಿಲ್ಲ. ಇದನ್ನ ನೋಡಿ ಅವ್ರು ಇಂಪ್ರೆಸ್ ಆಗ್ತಾರೋ, ಬಿದ್ದು ಬಿದ್ದು ನಗತಾರೋ? ಗೊತ್ತಿದ್ದವರು ಹೇಳ್ರಿ.

ಹಳೇ ಹುಬ್ಬಳ್ಳಿ ಕಾಕಾ

ಏನ್ವಾ ತಂಗಿ, ಎಂಥಾ ಚೈನಿ ತಲಿಬ್ಯಾನಿ ನಿಂದು. ನಮ್ಮ ಹುಡುಗ ಹೋದ ವರ್ಷ ನೀಟ್ ಬರದ, 180 ಪ್ರಶ್ನೆ, 720 ಮಾರ್ಕ್ಸ್, ಅಲ್ಲಿಗೆ ಕತಿ ಮುಗೀತು. ಆಮ್ಯಾಲೆ ಸೀಟ್ ಹಂಚೋ ಕೆಇಎದವ್ರು ಕೇಳಿದ್ದು ಜಾತಿ-ಆದಾಯ ಸರ್ಟಿಫಿಕೇಟು, ಒಂದನೆತ್ತೆಯಿಂದ ಹತ್ತನೆತ್ತೆ ತನಕ ಹಳ್ಳ್ಯಾಗ ಕಲ್ತಿದ್ರ ಅದರದೊಂದು, ಕನ್ನಡ ಮೀಡಿಯಂ ಇದ್ರ ಅದರದೊಂದು. ಮನ್ಯಾಗ ನಾಯಿ ಐತೇನು ಬೆಕ್ಕೈತೇನು ಅಂತ ಯಾವನೂ ಕೇಳಲಿಲ್ಲ. ನಾ 3 ಆಕಳ ಕಟ್ಟೀನಿ, ಆಕಳಿಗೊಂದು 5 ಮಾರ್ಕ್ಸ್ ಹಾಕಿದ್ರ ನಮ್ಮ ಹುಡುಗಂದೂ ಸೀಟ್ ಆಗಿ ಹೋಗ್ತಿತ್ತು.

ಹಾಂ, ಅಗ್ರಿ ಮತ್ತ ವೆಟರ್ನರಿಗೆ ರೈತರ ಮಕ್ಕಳ ಕೋಟಾದಾಗ ಪ್ರಾಕ್ಟಿಕಲ್ ಪರೀಕ್ಷಾ ಇರತೈತಿ, ಅಲ್ಲಿ ಹೊಲ ಮನಿ ದನ ಕರಾ ಗೊತ್ತಿದ್ದವಗ ಬೆಲಿ ಐತಿ. ಮನಿಶ್ಯಾನ ಡಾಕ್ಟರ್ ಆಗಾಕ ಅದೂ ಇಲ್ಲ. ನಿಮ್ಮ ಅಮೇರಿಕಾದ್ದು ನಂಗ ತಿಳ್ಯಾಂಗಿಲ್ಲ, ಸುಮ್ನ ಓದ್ಕೋಂತ ಕುಂತೀನಿ, ನಡೀಲಿ.

ಬೆಟಗೇರಿಯಿಂದ ಭಾಳ ದೂರ

ನಾ ಗದಗ-ಬೆಟಗೇರಿ ಹುಡುಗ, ಈಗ ಇಲ್ಲೇ ಅಮೇರಿಕಾದಾಗ ಎಂಡಿ ಮೂರನೇ ವರ್ಷ. ನೋಡ್ರಿ ತಂಗಿ, ಮೊದಲು ಆ 6,570 ಅಳಿಸ್ರಿ. ನೀವು ಡಿಗ್ರಿಗೆ ಅಂತ 4 ವರ್ಷ ಇಲ್ಲಿದ್ರಲ್ಲ, ಆವಾಗ ನಾಯಿಗೆ ಅನ್ನ ಹಾಕಿದವ್ರು ಯಾರು? ನಿಮ್ಮವ್ವ. ಆ ತಾಸೆಲ್ಲಾ ಅವರ ಅಪ್ಲಿಕೇಶನ್‌ನಾಗ ಹೋಗಬೇಕು. ಓದೋವ್ರು ಒಂದು ದಿನಕ್ಕ ರಾಶಿಗಟ್ಟಲೆ ಫಾರ್ಮ್ ನೋಡತಾರ, ಒಂದ ನಂಬರ್ ಅವರಿಗೆ ಸುಳ್ಳು ಅನಿಸ್ತು ಅಂದ್ರ ಉಳದ 14 ಖಾನೆದಾಗಿನ ಖರೇ ತಾಸಿನ ಮ್ಯಾಲೂ ಸಂಶಯ ಬರತೈತಿ.

ಎರಡನೇದು, ಹೈಸ್ಕೂಲಿಂದ ಹಿಡದು ಲೆಕ್ಕ ಹಾಕಬ್ಯಾಡ್ರಿ, ಕಾಲೇಜಿನ ದಿನದಾಗ ಮಾಡಿದ್ದನ್ನ ಅವ್ರು ನೋಡೋದು.

ಜಾಗಾ ಎಷ್ಟೈತಿ ಅಂತ ಗೊತ್ತಲ್ಲ? ಒಂದು ಖಾನೆಗೆ 700 ಅಕ್ಷರ, ಸ್ಪೇಸ್ ಹಿಡದು. ಅದರಾಗ ಮೂರನ್ನ ‘ಮೋಸ್ಟ್ ಮೀನಿಂಗ್‌ಫುಲ್’ ಅಂತ ಆರಿಸಿದ್ರ ಆ ಮೂರಕ್ಕ ಇನ್ನೂ 1,325 ಸಿಗತೈತಿ. ಪರ್ಸನಲ್ ಸ್ಟೇಟ್‌ಮೆಂಟ್‌ಗೆ, ಅಂದ್ರ ಯಾಕ ಡಾಕ್ಟರ್ ಆಗಬೇಕು ಅಂತ ಬರಿಯೋ ಪ್ರಬಂಧಕ್ಕ, 5,300. ಇದರಾಗ ನಾಯಿ ಬೇಕಂದ್ರ ‘ಹಾಬೀಸ್’ ಅಂತ ಕೆಟಗರಿನ ಐತಿ, ಅಲ್ಲಿ ಎರಡು-ಮೂರು ಸಾಲು ಹಾಕ್ರಿ, ಯಾರೂ ಬ್ಯಾಡ ಅನ್ನಂಗಿಲ್ಲ. ಮೋಸ್ಟ್ ಮೀನಿಂಗ್‌ಫುಲ್‌ದಾಗ ಮಾತ್ರ ಹಾಕಬ್ಯಾಡ್ರಿ, ಪರ್ಸನಲ್ ಸ್ಟೇಟ್‌ಮೆಂಟ್‌ದಾಗಂತೂ ಹಾಕಲೇಬ್ಯಾಡ್ರಿ. ನಾಯಿಗೆ ಜಡ್ಡಾತು, ನಾ ರಾತ್ರಿ ಎಲ್ಲಾ ಎಚ್ಚರಿದ್ದೆ, ಅವತ್ತ ಡಾಕ್ಟರ್ ಆಗಬೇಕು ಅನಿಸ್ತು ಅಂತ ಬರದ್ರ ಓದೋವ್ರ ಬಾಯಾಗ ಬರೋ ಮೊದಲನೇ ಪ್ರಶ್ನೆ ‘ಹಂಗಾರ ವೆಟರ್ನರಿಗೆ ಯಾಕ ಹೋಗ್ಲಿಲ್ಲ?’ ಅಂತನ. ಆ ಕಡೆ ಹೋಗೋವ್ರ ಫಾರ್ಮ್ ಬ್ಯಾರೆ, ವಿಎಂಕ್ಯಾಸ್ ಅಂತ, ಅದರಾಗ ಪ್ರಾಣಿ ಜೋಡಿ ಮಾಡಿದ ಕೆಲಸಕ್ಕ ಪ್ರತ್ಯೇಕ ಜಾಗಾನ ಐತಿ.

ಆದ್ರ ಹಾಬಿ ಖಾನೆನ ಹಗುರ ತಿಳ್ಕೋಬ್ಯಾಡ್ರಿ. ನಾ ಅದರಾಗ ಜೋಳದ ರೊಟ್ಟಿ ಬಡಿಯೋದು ಬರದಿದ್ದೆ. ಒಂದು ಇಂಟರ್‌ವ್ಯೂದಾಗ ವಯಸ್ಸಾದ ಸರ್ಜನ್ ಒಬ್ರು ಹತ್ತು ನಿಮಿಷ ಅದನ್ನ ಕೇಳಿದ್ರು, ಲಟ್ಟಣಿಗಿ ಇಲ್ಲದ ಕೈಲೆ ಹ್ಯಾಂಗ ಅಷ್ಟು ತೆಳ್ಳಗ ಆಗತೈತಿ, ಅಂಚು ಯಾಕ ಹರಿಯಂಗಿಲ್ಲ ಅಂತ. ನನ್ನ ರಿಸರ್ಚ್ ಬಗ್ಗೆ ಒಂದ ಪ್ರಶ್ನೆನೂ ಇಲ್ಲ! ಹತ್ತು ನಿಮಿಷ ಮಾತಾಡಾಕ ಬರುವಂಥಾದ್ದನ್ನ ಅಷ್ಟ ಹಾಕ್ರಿ.

ಬ್ಯಾಡಗಿ ಟೀಚರ್

ಮ್ಯಾಲಿನ ತಮ್ಮ ಹೇಳಿದ್ದು ಅರ್ಧ ಒಪ್ಪತೀನಿ, ಅರ್ಧ ಒಪ್ಪಂಗಿಲ್ಲ. ನಾಯಿ ಅಂದ್ರ ಎಲ್ಲಾರ ಮನ್ಯಾಗೂ ಇರತೈತಿ ಬಿಡ್ರಿ, ಆದ್ರ ಎಮ್ಮಿ ಹಿಂಡೋ ಹುಡುಗಿ ಆ ದೇಶದಾಗ ಎಷ್ಟ ಮಂದಿ ಸಿಗತಾರ? ನಮ್ಮ ಮನ್ಯಾಗ ಎಮ್ಮಿ ಈಯೋ ರಾತ್ರಿ ನಾ ಲಾಟೀನ್ ಹಿಡದು ನಿಂತಾಕಿ, ಕರಾ ಅಡ್ಡ ಸಿಕ್ಕೊಂಡಿತ್ತು, ನಮ್ಮಪ್ಪ ಕೈ ಒಳಗ ಹಾಕಿ ಕಾಲು ಸರಿ ಮಾಡಿದ್ದು ಇವತ್ತಿಗೂ ಕಣ್ಣಮುಂದ ಐತಿ. ಅಂಜಿಕಿ ಅಂದ್ರೇನು, ಸುಮ್ನ ನಿಲ್ಲೋದಂದ್ರೇನು ಅಂತ ನಾ ಕಲ್ತದ್ದು ಅವತ್ತ. ಧಾರವಾಡಿ ಎಮ್ಮಿಗೆ ಈಗ ಸರ್ಕಾರದವ್ರು ತಳಿ ಅಂತ ಹೆಸರೂ ಕೊಟ್ಟಾರ, ಧಾರವಾಡ ಪೇಢಾಕ್ಕ ಅದರ ಹಾಲ ಚಲೋ ಅಂತಾರ. ಇದನ್ನೆಲ್ಲಾ ಬರೀವಾ, ನಾಚ್ಕೋಬ್ಯಾಡ. ಪೆಟ್ ಅನ್ನೋ ಶಬ್ದ ಬಿಟ್ಟುಬಿಡು. ಕಾರ ಹುಣ್ಣಿಮಿಗೆ ಎತ್ತಿನ ಕೋಡಿಗೆ ಬಣ್ಣ ಹಚ್ಚಿ ಓಡಸ್ತೀವಿ, ಎತ್ತಿಗೆ ಪೆಟ್ ಅಂದ್ರ ನಮ್ಮ ಊರಾಗ ನಕ್ಕಾರು.

ಸಾಧನಕೇರಿ ಹುಡುಗಿ

ಎಲ್ಲಾರಿಗೂ ಥ್ಯಾಂಕ್ಸ್ ರೀ. ಅವ್ವಗ ತೋರಿಸಿದೆ, ‘ಖರೇ ಅದ, ನಂದ ಅಪ್ಲಿಕೇಶನ್ ಹಾಕು’ ಅಂತ ನಗ್ಲಿಕತ್ಯಾಳ. ಟೀಚರ್, ನಾ ಹಿಂಡೀನಿ ಖರೇ, ಆದ್ರ ಈಯೋದು ಒಮ್ಮೆನೂ ನೋಡಿಲ್ರಿ, ಅಜ್ಜ ಕಳಸ್ತಿರಲಿಲ್ಲ. ಇಲ್ಲದ್ದು ಹ್ಯಾಂಗ ಬರೀಲಿ.

ಇನ್ನೊಂದು. ಬಾಣಂದು ಹಾಕಿದ್ರ ಕಡದದ್ದೂ ಹೇಳಬೇಕಾಗ್ತದೇನ್ರಿ? ಹೋದ ಬ್ಯಾಸಗಿ ಸೂಟ್ಯಾಗ ನಾ ಬಂದಿದ್ದಾಗ ಬಾಜೂಮನಿ ಸಣ್ಣ ಹುಡುಗಗ ಕಡೀತು, ಚೆಂಡು ತಗೊಳ್ಳಿಕ್ಕೆ ಗೇಟ್ ಹಾರಿ ಬಂದಿದ್ದ. ಅವರಜ್ಜಿ ಖಾರಪುಡಿ ಹಚ್ಚಲಿಕ್ಕೆ ಹೊಂಟಿದ್ರು, ನಾ ಕೈ ಹಿಡದು ಬಿಡಿಸಿ ತೊಳದೆ. ಅವತ್ತ ನಳಾ ಬ್ಯಾರೆ ಬಂದಿರಲಿಲ್ಲ, ಬ್ಯಾರಲ್ಲಿನ ನೀರು ತಂಬಿಗಿಲೆ ಹಾಕ್ಕೋತ, ಡೆಟಾಲ್ ಸಾಬೂನು ಹಚ್ಕೋತ ಗಡಿಯಾರ ನೋಡಿ 15 ನಿಮಿಷ. ಆಮ್ಯಾಲೆ ಸ್ಕೂಟಿ ಮ್ಯಾಲೆ ದವಾಖಾನಿಗೆ. ಮೂರನೇ ಇಂಜೆಕ್ಷನ್‌ಗೆ ಅವರು ಹೋಗೇ ಇರಲಿಲ್ಲ, ಅವರವ್ವ ಸಂತ್ಯಾಗ ಕಾಯಿಪಲ್ಲೆ ಮಾರ್ತಾರ, ಒಂದು ಮುಂಜಾನಿ ಹೋತಂದ್ರ ಆ ದಿನದ ರೊಕ್ಕನ ಹೋತು. ಸಂಜೀಕೆ ನಂಗ ಗೊತ್ತಾತು, ಮರುದಿನ ನಾನ ಕರಕೊಂಡು ಹೋದೆ, ಕಡೀದಕ್ಕೂ ನಾನ. ಹುಡುಗ ಆರಾಮಿದ್ದಾನ. ಇಂಥಾದ್ದೆಲ್ಲಾ ಬರದ್ರ ನಾಯಿ ಹೆಸರು ಕೆಡ್ತದೇನೋ ಅಂತ ಚಿಂತಿ.

ಪಶು ಡಾಕ್ಟರ್ ಇನ್ನೂ ಆಗಿಲ್ಲ

ಗದಗ ವೆಟರ್ನರಿ ಕಾಲೇಜಿನಾಗ ಓದಾಕತ್ತೀನಿ. ಮೊದಲ ಒಂದ ಮಾತು ಕೇಳತೀನ್ರಿ ಅಕ್ಕಾ, ಸಿಟ್ಟಾಗಬ್ಯಾಡ್ರಿ: ಬಾಣಗ ರೇಬೀಸ್ ಲಸಿ ಆಗಿತ್ತೇನು?

ಇದನ್ನ ಓದೋ ಉಳದವರಿಗೂ ಹೇಳತೀನಿ, ಸರ್ಕಾರಿ ದವಾಖಾನ್ಯಾಗ ಚರ್ಮದಾಗ ಕೊಡೋ ಇಂಜೆಕ್ಷನ್ ಇದ್ರ 0, 3, 7, 28ನೇ ದಿನ ಅಂತ ನಾಕು ಸಲ ಹೋಗಬೇಕು, ತೋಳಿನ ಮಾಂಸಕ್ಕ ಕೊಡೋದಿದ್ರ 0, 3, 7, 14, 28 ಅಂತ ಐದು ಸಲ. ಗಾಯ ಆಳ ಇದ್ದು ರಕ್ತ ಬಂದಿದ್ರ ಗಾಯದ ಸುತ್ತಲೂ ಇಮ್ಯುನೊಗ್ಲಾಬ್ಯುಲಿನ್ ಬ್ಯಾರೆ ಕೊಡತಾರ. ನಾಯಿ ಹತ್ತು ದಿನ ಆರಾಮಿರತೈತೇನು ನೋಡ್ರಿ ಅಂತೀವಿ ಖರೇ, ಆದ್ರ ಅಲ್ಲಿ ತನಕ ಇಂಜೆಕ್ಷನ್ ತಡಾ ಮಾಡಬಾರದು. ಖಾರಪುಡಿ, ಸುಣ್ಣ, ಅರಿಷಿಣ ಏನೂ ಹಚ್ಚಂಗಿಲ್ಲ, ನೀರು ಮತ್ತ ಸಾಬೂನು ಅಷ್ಟ. ರೋಗ ಒಮ್ಮೆ ಎದ್ದು ಕಾಣಿಸ್ಕೊಂಡ್ರ ಆಮ್ಯಾಲೆ ಉಳಿಯೋದು ಇಲ್ಲ ಅಂದ್ರೂ ನಡೀತೈತಿ.

ಸಾಧನಕೇರಿ ಹುಡುಗಿ

ಇಲ್ರಿ. ಮರಿ ಇದ್ದಾಗಿಂದ ನಾ ಹಾಕಿಸ್ತಿದ್ದೆ, ನಾ ಆ ಕಡೆ ಹೋದಮ್ಯಾಲೆ ಎರಡು ವರ್ಷ ಬೂಸ್ಟರ್ ತಪ್ಪಿತ್ತು. ಕಾರ್ಡ್ ನನ್ನ ಕಪಾಟಿನಾಗನ ಇತ್ತು, ಅವ್ವಗ ಹೇಳೇ ಹೋಗಿರಲಿಲ್ಲ. ಆ ಹತ್ತು ದಿನ ನಾ ದಿನಾ ಮುಂಜಾನೆ ಎದ್ದು ಮೊದಲು ಬಾಣ ನೀರು ಕುಡೀತಾನೋ ಇಲ್ಲೋ ನೋಡ್ತಿದ್ದೆ. ಈಗ ಹಾಕಿಸೇವಿ.

ಬೆಟಗೇರಿಯಿಂದ ಭಾಳ ದೂರ

ತಂಗಿ, ನಿಮ್ಮ ಪ್ರಶ್ನೆನ ತಪ್ಪಾಗಿತ್ತು ನೋಡ್ರಿ. ನಾಯಿ ಬರೀಲೇನು ಅಂತ ಕೇಳಿದ್ರಿ, ಬರಿಯೋದನ್ನ ‘ಇನ್ನೊಂದು’ ಅಂತ ಕಡೀಕ ಹಾಕೀರಿ. ಏಳನೇ ದಿನ ಆ ಹುಡುಗ ಯಾಕ ಬರಲಿಲ್ಲ ಅನ್ನೋದು ಐತೆಲ್ಲ, ನಾ ಇಲ್ಲಿ ವಾರ್ಡಿನಾಗ ದಿನಾ ನೋಡೋದು ಅದನ್ನ. ಔಷಧ ಇರತೈತಿ, ದವಾಖಾನಿ ಇರತೈತಿ, ಬರಾಕ ಒಂದು ಮುಂಜಾನಿ ಇರಂಗಿಲ್ಲ ಮಂದಿಗೆ.

ಇದು ಪರ್ಸನಲ್ ಸ್ಟೇಟ್‌ಮೆಂಟ್‌ದಾಗ ಒಂದು ಪ್ಯಾರಾ ಆಗತೈತಿ, ಬ್ಯಾಡಂದ್ರ ಸೆಕೆಂಡರಿ (ಆಮ್ಯಾಲೆ ಒಂದೊಂದು ಕಾಲೇಜು ಕಳಸೋ ತಮ್ಮ ಪ್ರಶ್ನೆಗಳ ಫಾರ್ಮ್) ಬಂದಾಗಿಗೆ ಇಟ್ಕೋರಿ. ಒಂದೊಂದು ಕಾಲೇಜು ನೀ ತಪ್ಪು ಮಾಡಿದ್ದು ಹೇಳು, ಆಮ್ಯಾಲೆ ಏನ್ ಮಾಡ್ದಿ ಹೇಳು ಅಂತ ಕೇಳತಾವ, ಅಲ್ಲಿಗೆ ಇದು ಹೇಳಿ ಮಾಡಿಸಿದಂಗ ಐತಿ. ಹಾಕೋದಾದ್ರ ಲಸಿ ತಪ್ಪಿದ್ದನ್ನ ಮುಚ್ಚಿಡಬ್ಯಾಡ್ರಿ, ಈಗ ನಮ್ಮ ವೆಟರ್ನರಿ ತಮ್ಮ ಕೇಳಿದಂಗ ಇಂಟರ್‌ವ್ಯೂದಾಗೂ ಅದನ್ನ ಮೊದಲ ಕೇಳತಾರ. ಹುಡುಗನ ಹೆಸರು, ಓಣಿ ಹೆಸರು ಬರೀಬ್ಯಾಡ್ರಿ. ಸ್ಕೂಟಿ ಮ್ಯಾಲೆ ಕರಕೊಂಡು ಹೋಗಿದ್ದನ್ನ ಕ್ಲಿನಿಕಲ್ ತಾಸಿನಾಗ ಎಣಿಸಲೂ ಬ್ಯಾಡ್ರಿ, ನೀವು ಬಾಜೂಮನ್ಯಾಕಿ ಆಗಿ ಹೋಗಿದ್ರಿ. ‘ಬಾಲ್ಯದಿಂದಲೂ ನನಗೆ ಪ್ರಾಣಿಗಳೆಂದರೆ ಪ್ರೀತಿ’ ಅಂತ ಸುರು ಮಾಡಿದ್ರಂತೂ ನಾ ಧಾರವಾಡಕ್ಕ ಬಂದು ಬೈತೀನಿ.

ಬ್ಯಾಡಗಿ ಟೀಚರ್

ಆತಪಾ ತಮ್ಮಾ, ಸೋತೆ. ಈ ಕಥಿ ನನ್ನ ಎಮ್ಮಿಗಿಂತ ಚಲೋ ಐತಿ. ಆದ್ರ ಯವ್ವಾ, ಖಾರಪುಡಿ ಹಚ್ಚಾಕ ಬಂದ ಅಜ್ಜೀನ ಹಳ್ಳಿ ಗಮಾರಿ ಅನ್ನೋಹಂಗ ಬರದುಗಿರದೀ. ಅಕಿಗೆ ಅಕಿ ಅಜ್ಜಿ ಹೇಳಿದ್ದು ಅದು.

ಸಾಧನಕೇರಿ ಹುಡುಗಿ

ಇಲ್ರಿ ಟೀಚರ್, ಆ ಅಜ್ಜಿನ ಈಗ ಓಣ್ಯಾಗ ಎಲ್ಲಾರಿಗೂ ಸಾಬೂನು ಹಚ್ಚಿ ತೊಳೀರಿ ಅಂತ ಹೇಳ್ತಾರ, ಅದನ್ನೂ ಒಂದು ಸಾಲು ಹಾಕ್ತೀನಿ.

ನಿನ್ನೆ ರಾತ್ರಿ ಕುಂತು ಬರದೆ, ‘ಏಳನೇ ದಿನ ಅವನು ಬರಲಿಲ್ಲ’ ಅಂತ ಸುರು ಆಗ್ತದ, ನಾಯಿ ಬರೋದು ನಾಕನೇ ಸಾಲಿಗೆ. ಹಾಬಿ ಖಾನೆದಾಗ ನಾಯಿ-ಎಮ್ಮಿ ಎರಡೂ ಕೂಡಿ 400 ಅಕ್ಷರದಾಗ ಮುಗಿಸೀನಿ, ತಾಸು ಸೂಟಿ ದಿನದ್ದು ಅಷ್ಟ ಹಿಡದೀನಿ, 400ರ ಹತ್ರ ಬಂತು. ಬ್ಯಾಡ್ಮಿಂಟನ್ ತಗದೆ, ನಂಗೇನು ಅಷ್ಟು ಬರೂದೂ ಇಲ್ಲ. ಒಂದ ಡೌಟ್ ಉಳದದ. ಪ್ರತಿ ಖಾನೆಗೂ ಕಾಂಟ್ಯಾಕ್ಟ್ ಯಾರು ಅಂತ ಕೇಳ್ತಾರಲ್ರಿ, ಇದಕ್ಕ ಯಾರನ್ನ ಹಾಕ್ಲಿ?

ಹಳೇ ಹುಬ್ಬಳ್ಳಿ ಕಾಕಾ

ಎಮ್ಮಿ ಹೆಸರ ಹಾಕು, ಫೋನ್ ಮಾಡ್ಲಿ.

ಬೆಟಗೇರಿಯಿಂದ ಭಾಳ ದೂರ

ಹಾಬಿಗೆ ನಿಮ್ಮ ಹೆಸರ ಹಾಕ್ರಿ, ನಡೀತೈತಿ. ನಾ ರೊಟ್ಟಿಗೆ ನಂದ ಹಾಕಿದ್ದೆ. ಮತ್ತ ಆ ಪ್ಯಾರಾ ಕಳಸ್ರಿ ನಂಗ, ಇಂಗ್ಲಿಷ್ ನೋಡತೀನಿ, ಶನಿವಾರ ರಾತ್ರಿ ಡ್ಯೂಟಿ ಇಲ್ಲ.