ಸಹಾಯ ಬೇಕು: ಎತ್ತರಿಸಿದ ಜಿಪ್ಸಿಗೆ ಹಿಂದಿನ ಶಾಕ್ ಮೌಂಟ್ ಮಾಡಿಸಬೇಕು

ಸಕಲೇಶಪುರದ ತೋಟದ ದಾರಿಗಳಲ್ಲಿ ಓಡುವ ಮಾರುತಿ ಜಿಪ್ಸಿ ನನ್ನದು. ಆಕ್ಸಲ್ ಕೆಳಗಿದ್ದ ಲೀಫ್ ಸ್ಪ್ರಿಂಗ್‌ಗಳನ್ನು ಅದರ ಮೇಲೆ ಕೂರಿಸಿದ್ದರಿಂದ ಗಾಡಿ ಸುಮಾರು 5 ಇಂಚು ಎದ್ದಿದೆ. ಹಿಂದಿನ ಹಳೆಯ ಶಾಕ್‌ಗಳು (ಕುಲುಕಾಟ ತಡೆಯುವ ಶಾಕ್ ಅಬ್ಸಾರ್ಬರ್‌ಗಳು) ಗಾಡಿ ನಿಂತಲ್ಲೇ ಪೂರ್ತಿ ಚಾಚಿಕೊಂಡಿವೆ. ಚಕ್ರ ಗುಂಡಿಗೆ ಇಳಿದಾಗ ರಬ್ಬರ್ ಬುಷ್‌ಗಳು ಕಿತ್ತು ಬರುವಂತಾಗುತ್ತದೆ. ಉದ್ದದ ಶಾಕ್ ಹಾಕಿ ನೋಡಿದರೆ, ಆಕ್ಸಲ್ ಬಂಪ್ ಸ್ಟಾಪ್‌ಗೆ (ಅದು ಇನ್ನೂ ಮೇಲೇರದಂತೆ ತಡೆಯುವ ರಬ್ಬರ್ ತುಂಡು) ತಾಗುವ ಮೊದಲೇ ಶಾಕ್ ಪೂರ್ತಿ ಕುಗ್ಗಿ ತಳ ಮುಟ್ಟುತ್ತದೆ. ಹಾಗಾಗಿ ಶಾಕ್‌ನ ಮೇಲ್ತುದಿ ಕೂರುವ ಮೌಂಟನ್ನೇ ಎತ್ತರಿಸಬೇಕು.

ಶಾಕ್ ನೆಟ್ಟಗೆ ನಿಲ್ಲಿಸಲು ಗಾಡಿಯ ನೆಲ ಅಡ್ಡ. ಒಳಕ್ಕೆ ವಾಲಿಸಿದರೆ ಜಾಗ ಸಿಗುತ್ತದೆ, ಆದರೆ 45 ಡಿಗ್ರಿ ವಾಲಿದ ಶಾಕ್ ನೆಟ್ಟಗಿನದರ ಅರ್ಧದಷ್ಟೇ ಕೆಲಸ ಮಾಡುತ್ತದೆ. 20–25 ಡಿಗ್ರಿಯಲ್ಲಿ ನಿಲ್ಲಿಸಿದವರು ಯಾರಾದರೂ ಇದ್ದೀರಾ? ನೆಲ ಕತ್ತರಿಸಬೇಕಾಯಿತೇ?

ನಮ್ಮೂರಿನ ವೆಲ್ಡರ್ ಚಾಸಿಗೆ ಒಂದೇ ಕಿವಿ (ಬೋಲ್ಟ್ ತೂತಿರುವ ಲೋಹದ ತುಂಡು) ಬೆಸೆದು ಬೋಲ್ಟ್ ತೂಗುಹಾಕೋಣ ಎನ್ನುತ್ತಾರೆ. ಒಳ್ಳೆಯ ಕೈ, ಆದರೆ ಗೇಟು ಮಾಡುವ ಕೈ. ನನಗೆ ಬೇಕಿರುವುದು ಎರಡು ಚಾಸಿ ಹಳಿಗಳ ನಡುವೆ ಅಡ್ಡ ಪೈಪು, ಬೋಲ್ಟನ್ನು ಎರಡೂ ಬದಿ ಹಿಡಿಯುವ ಜೋಡಿ ಕಿವಿ, ಬೆಸುಗೆಯ ಭಾರ ಹರಡಲು ಚಾಸಿಯ ಮೇಲೊಂದು ಪಟ್ಟಿ. ಪೈಪಿನ ಗೋಡೆ ಎಷ್ಟು ದಪ್ಪ ಇರಬೇಕು?

ಹಾಸನ, ಮೂಡಿಗೆರೆ ಸುತ್ತ ಇಂಥ ಕೆಲಸ ಮಾಡುವವರು ಗೊತ್ತಿದ್ದರೆ ತಿಳಿಸಿ. ಬೆಸುಗೆಯ ಕಿಡಿ ತಾಗದಂತೆ ಪೆಟ್ರೋಲ್ ಟ್ಯಾಂಕ್ ಇಳಿಸಿಯೇ ಗಾಡಿ ತರುತ್ತೇನೆ, ಟೋ ಮಾಡಿಸಿಕೊಂಡು.