ಮಹಜರಿನಲ್ಲಿ ಎಂಡಿಎಂಎ, ಎಫ್‌ಎಸ್‌ಎಲ್ (ವಿಧಿವಿಜ್ಞಾನ ಪ್ರಯೋಗಾಲಯ) ರಿಪೋರ್ಟಿನಲ್ಲಿ ಬೇರೆ: ಕೇಸ್ ಏನಾಗುತ್ತೆ?

ಪ್ರಶ್ನೆ (ಹೊಸ ಪಿಎಸ್‌ಐ):
ಬೆಂಗಳೂರಿನಲ್ಲಿ ಬಿಳಿ ಹರಳು ಸಿಕ್ಕರೆ ನೋಡಿದ ಕೂಡಲೇ ಎಂಡಿಎಂಎ (ಒಂದು ಸಿಂಥೆಟಿಕ್ ಡ್ರಗ್) ಅಂತ ಬರೆಯೋದು ರೂಢಿಯಾಗಿದೆ. 30 ಗ್ರಾಂ ಹಿಡಿದು ಕಮರ್ಷಿಯಲ್ ಕ್ವಾಂಟಿಟಿ (ಹೆಚ್ಚು ಶಿಕ್ಷೆಯ ವಾಣಿಜ್ಯ ಪ್ರಮಾಣ) ಅಂತ ಎಫ್‌ಐಆರ್ ಹಾಕಿದ ಮೇಲೆ ಅದು ಮೆಫೆಡ್ರೋನ್ ಅನ್ನೋ ಬೇರೆ ಡ್ರಗ್ ಅಂತ ಬಂದರೆ? ಎನ್‌ಡಿಪಿಎಸ್ (ಮಾದಕವಸ್ತು ತಡೆ) ಕಾಯ್ದೆಯ ಪಟ್ಟಿಯಲ್ಲೇ ಇಲ್ಲದ ಹೊಸ ವಸ್ತುವಾದರೆ? ಇನ್ನೊಂದು, ಒಳಗಿನವರೇ ಮಾಲು ಬದಲಿಸಿದರೆ ಎಲ್ಲಿ ಸಿಕ್ಕಿಬೀಳುತ್ತೆ?

ಸೆಷನ್ಸ್ ವಕೀಲ:
ಕೇಸ್ ಬೀಳಲ್ಲ ಸರ್, ಆದರೆ ಲೆಕ್ಕ ಪೂರ್ತಿ ತಿರುಗುತ್ತೆ. ಎಂಡಿಎಂಎಗೆ 10 ಗ್ರಾಂ ಮೀರಿದರೆ ಕಮರ್ಷಿಯಲ್, ಮೆಫೆಡ್ರೋನ್‌ಗೆ 50 ಗ್ರಾಂ ಮೀರಬೇಕು. ಅದೇ 30 ಗ್ರಾಂ ಈಗ ಮಧ್ಯಮ ಪ್ರಮಾಣ. ಕನಿಷ್ಠ 10 ವರ್ಷದ ಶಿಕ್ಷೆ ಹೋಗಿ ಗರಿಷ್ಠ 10 ವರ್ಷ ಆಗುತ್ತೆ, ಜಾಮೀನಿಗೆ ಸೆಕ್ಷನ್ 37ರ ಅಡ್ಡಿಯೂ ಇರಲ್ಲ. ಹೆಚ್ಚು ಜನ ಎಡವೋದು ಚಾರ್ಜ್‌ಶೀಟ್‌ನಲ್ಲಿ: ಕಮರ್ಷಿಯಲ್ ಕೇಸಿಗೆ 180 ದಿನ ಇದೆ ಅಂತ ಕೂತಿರ್ತಾರೆ, ರಿಪೋರ್ಟ್ ಬಂದಾಗ ಆ ಅವಧಿಯೇ ಅನ್ವಯಿಸಲ್ಲ, ಆರೋಪಿ ಡಿಫಾಲ್ಟ್ ಬೇಲ್ (ಗಡುವಿನೊಳಗೆ ಚಾರ್ಜ್‌ಶೀಟ್ ಹಾಕದಿದ್ದರೆ ಸಿಗೋ ಜಾಮೀನು) ಮೇಲೆ ಹೊರಗೆ. ರಿಪೋರ್ಟಿಗಾಗಿ ಬೆನ್ನು ಬೀಳಿ. ಎನ್‌ಡಿಪಿಎಸ್ ಜಪ್ತಿ, ಮಾದರಿ ಕುರಿತ 2022ರ ನಿಯಮಗಳ ಪ್ರಕಾರ ಮಾದರಿ ತಲುಪಿದ 15 ದಿನದಲ್ಲಿ ಲ್ಯಾಬ್ ವರದಿ ಕೊಡಬೇಕು.

ಬೆರಕೆ ಮಾಲಿನಲ್ಲಿ ಶುದ್ಧ ಅಂಶವನ್ನಷ್ಟೇ ತೂಗೋ ವಾದ ಈಗ ನಡೆಯಲ್ಲ. ಸುಪ್ರೀಂ ಕೋರ್ಟಿನ 2020ರ ಹೀರಾ ಸಿಂಗ್ ತೀರ್ಪಿನಿಂದ ಇಡೀ ಮಿಶ್ರಣದ ತೂಕವೇ ಲೆಕ್ಕ.

ಪಟ್ಟಿಯಲ್ಲಿಲ್ಲದ ವಸ್ತುವಿಗೆ ಎನ್‌ಡಿಪಿಎಸ್ ಹಾಕೋ ಹಾಗಿಲ್ಲ. ಮೆಫೆಡ್ರೋನ್ ಕೂಡ ಪಟ್ಟಿ ಸೇರಿದ್ದು 2015ರಲ್ಲಿ. ಆಮೇಲೆ ಅಧಿಸೂಚನೆ ಬಂತು ಅಂತ ಹಿಂದಿನ ಕೃತ್ಯಕ್ಕೆ ಅನ್ವಯಿಸೋಕಾಗಲ್ಲ.

ಲ್ಯಾಬ್ ಕಡೆಯವರು:
ಮಹಜರಿನಲ್ಲಿ ‘ಎಂಡಿಎಂಎ ಎಂದು ಶಂಕಿಸಲಾದ ಬಿಳಿ ಹರಳು’ ಅಂತಲೇ ಬರೆಯಿರಿ, ಸ್ಥಳದಲ್ಲಿ ಪರೀಕ್ಷಿಸೋ ಕಿಟ್‌ನಲ್ಲಿ ಕಂಡ ಬಣ್ಣವನ್ನೂ ದಾಖಲಿಸಿ. ಮಾರ್ಕ್ವಿಸ್ ದ್ರಾವಣ ಹಾಕಿದರೆ ಎಂಡಿಎಂಎ ಕಡುನೇರಳೆಯಿಂದ ಕಪ್ಪಿಗೆ ತಿರುಗುತ್ತೆ, ಮೆಫೆಡ್ರೋನ್ ಆ ಬಣ್ಣ ಕೊಡಲ್ಲ. ಎರಡೂ ಬೆರೆತಿದ್ದರೆ ಕಪ್ಪು ಬಣ್ಣ ಇನ್ನೊಂದನ್ನು ಮುಚ್ಚಿಬಿಡುತ್ತೆ. ಹಾಗಾಗಿ ಕಿಟ್ ಬರೀ ಸುಳಿವು, ಗುರುತು ಖಚಿತವಾಗೋದು ಜಿಸಿ-ಎಂಎಸ್‌ನಂಥ (ಅಂಶಗಳನ್ನು ಬೇರ್ಪಡಿಸಿ ಗುರುತಿಸೋ ಯಂತ್ರ) ಪರೀಕ್ಷೆಯಲ್ಲಿ. ತೀರಾ ಹೊಸ ವಸ್ತುವಾದರೆ ಹೋಲಿಸಿ ನೋಡೋಕೆ ಲ್ಯಾಬಿನಲ್ಲಿ ಅದರ ಶುದ್ಧ ಮಾದರಿ ಬೇಕು. ಇಲ್ಲದಿದ್ದರೆ ತಡವಾಗುತ್ತೆ.

ಮಾಲ್ಖಾನಾ (ಜಪ್ತಿ ಮಾಲಿನ ಕೋಠಿ) ಕಡೆಯವರು:
ಬದಲಾವಣೆ ಸಿಕ್ಕಿಬೀಳೋದು ತೂಕದಲ್ಲಿ ಮತ್ತು ಮುದ್ರೆಯಲ್ಲಿ. ಪ್ರತಿ ಪೊಟ್ಟಣವನ್ನೂ ಬೇರೆಬೇರೆಯಾಗಿ, ಕವರ್ ಸಹಿತ ಒಮ್ಮೆ, ರಹಿತ ಒಮ್ಮೆ ತೂಗಿ. ತಕ್ಕಡಿಯ ಅಂಕಿ ವಿಡಿಯೋದಲ್ಲಿ ಕಾಣಲಿ. ಬಿಎನ್‌ಎಸ್‌ಎಸ್ (ಕ್ರಿಮಿನಲ್ ಪ್ರಕ್ರಿಯೆಯ ಹೊಸ ಕಾಯ್ದೆ) ಸೆಕ್ಷನ್ 105ರ ಪ್ರಕಾರ ಶೋಧ, ಜಪ್ತಿಯ ಚಿತ್ರೀಕರಣ ಮಾಡಲೇಬೇಕು. ಅರಗಿನ ಮುದ್ರೆಯ ಅಚ್ಚನ್ನು ಮಹಜರಿನಲ್ಲೇ ಒತ್ತಿ, ಮುದ್ರೆಯನ್ನು ಪಂಚರ ವಶಕ್ಕೆ ಕೊಡಿ. ಮುದ್ರೆ, ಮಾಲು ಎರಡೂ ಒಬ್ಬರ ಬೀರುವಿನಲ್ಲೇ ಇದ್ದರೆ ಎದುರು ವಕೀಲರಿಗೆ ಅಷ್ಟು ಸಾಕು.

ಮಾದರಿ ತೆಗೆಯಬೇಕಾದ್ದು ಎನ್‌ಡಿಪಿಎಸ್ ಸೆಕ್ಷನ್ 52ಎ ಪ್ರಕಾರ ಮ್ಯಾಜಿಸ್ಟ್ರೇಟ್ ಎದುರಿಗೆ, ದಾಳಿಯ ಜಾಗದಲ್ಲಲ್ಲ. ಹರಳಿಗೆ ಕನಿಷ್ಠ 5 ಗ್ರಾಂ, ಗಾಂಜಾ, ಅಫೀಮು, ಚರಸ್‌ಗೆ 24 ಗ್ರಾಂ, ಎರಡೆರಡು ಪ್ರತಿ. ಮಹಜರ್, ಮಾಲ್ಖಾನಾ ರಿಜಿಸ್ಟರ್, ಮ್ಯಾಜಿಸ್ಟ್ರೇಟ್ ಪಟ್ಟಿ, ಲ್ಯಾಬಿನ ಸ್ವೀಕೃತಿ ಈ ನಾಲ್ಕನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮಾಲು ಎಲ್ಲಿ ಬದಲಾಯಿತು ಅನ್ನೋದು ತಾನಾಗಿ ಕಾಣುತ್ತೆ.

ಶಾಮೀಲಾದ ಅಧಿಕಾರಿಗೆ ಸೆಕ್ಷನ್ 59ರಲ್ಲಿ 10ರಿಂದ 20 ವರ್ಷ ಇದೆ. ಆದರೆ ಸರ್ಕಾರದ ಪೂರ್ವಾನುಮತಿಯ ಲಿಖಿತ ದೂರಿಲ್ಲದೆ ಕೋರ್ಟ್ ಅದನ್ನು ಕೈಗೆತ್ತಿಕೊಳ್ಳುವಂತಿಲ್ಲ. ಇಂಥ ಕೇಸುಗಳನ್ನು ಮುಚ್ಚಿಹಾಕೋಕೆ ಇದೇ ದಾರಿ ಆಗಬಹುದು, ತಿದ್ದಬೇಕಾದ ಜಾಗ ಇದು.

ಹೊಸ ಪಿಎಸ್‌ಐ:
ಥ್ಯಾಂಕ್ಸ್ ಸರ್. ಬ್ಯಾಗಲ್ಲಿ ಸಿಕ್ಕ ಮಾಲಿಗೂ ಸೆಕ್ಷನ್ 50 ನೋಟಿಸ್ ಬೇಕಾ?

ಸೆಷನ್ಸ್ ವಕೀಲ:
ಬರೀ ಬ್ಯಾಗ್ ಆದರೆ ಬೇಡ. ಜೇಬಿಗೆ ಕೈ ಹಾಕೋದಿದ್ದರೆ ಮೊದಲು ಅವನ ಹಕ್ಕು ತಿಳಿಸಿ: ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟ್ ಎದುರಿಗೇ ಶೋಧ ಮಾಡಿಸಿಕೊಳ್ಳಬಹುದು ಅಂತ. ಅವನಿಗೆ ಗೊತ್ತಿರೋ ಭಾಷೆಯಲ್ಲೇ ಹೇಳಿ.