‘ಬಿಂಜ್ ವಾಚಿಂಗ್’ಗೆ ಕನ್ನಡದಲ್ಲಿ ಏನನ್ನೋಣ? ಸ್ವಲ್ಪ ಅರ್ಜೆಂಟ್

ಎಲ್ಲರಿಗೂ ನಮಸ್ಕಾರ. ಸ್ಟ್ರೀಮಿಂಗ್ ಬಂದ ಮೇಲೆ ಟೀವಿ ನೋಡುವ ರೂಢಿ ಹೇಗೆ ಬದಲಾಗಿದೆ ಎಂಬ ಲೇಖನವೊಂದನ್ನು ಅನುವಾದ ಮಾಡುತ್ತಿದ್ದೇನೆ. ನಾಳೆ ಬೆಳಿಗ್ಗೆ ಅಚ್ಚಿಗೆ ಕೊಡಬೇಕು. ಕಂತಿನ ಮೇಲೆ ಕಂತು ಬಿಡದೆ ನೋಡುವ ‘ಬಿಂಜ್ ವಾಚಿಂಗ್’ಗೆ ‘ಅತಿವೀಕ್ಷಣೆ’ ಅಂತ ಬರೆದೆ, ಯಾವುದೋ ಕಾಯಿಲೆಯ ಹೆಸರಿನಂತಿದೆ. ವಾಕ್ಯ ಇದು: 2013ರ ಫೆಬ್ರವರಿಯಲ್ಲಿ ನೆಟ್‌ಫ್ಲಿಕ್ಸ್ ‘ಹೌಸ್ ಆಫ್ ಕಾರ್ಡ್ಸ್’ ಸರಣಿಯ ಮೊದಲ 13 ಕಂತುಗಳನ್ನು ಒಂದೇ ದಿನ ಬಿಟ್ಟಿತು, ಜನ ಅದನ್ನು...

ಇಲ್ಲಿ ಏನು ಹಾಕಲಿ? ಕ್ರಿಯಾಪದವಾಗಿಯೂ ಓಡಬೇಕು.

ಮರು:
‘ಅತಿವೀಕ್ಷಣೆ’ ಬೇಡವೇ ಬೇಡ. ಮೊದಲು ‘ಬಿಂಜ್’ನ ಬೇರು ನೋಡಿ. ಇಂಗ್ಲೆಂಡಿನ ಹಳ್ಳಿಗಾಡಿನ ಮಾತಲ್ಲಿ ಅದಕ್ಕೆ ಮರದ ಪಾತ್ರೆಯನ್ನು ನೀರಲ್ಲಿ ನೆನೆಹಾಕುವುದು ಎಂಬ ಅರ್ಥವಿತ್ತು. ಆಮೇಲೆ ಅದು ಕಂಠಪೂರ್ತಿ ಕುಡಿಯುವುದಕ್ಕೆ ಬಂತು, ಕೊನೆಗೆ ಟೀವಿಗೆ. ಹಾಗಾಗಿ ‘ನೆನೆನೋಟ’. ‘ಸ್ಟ್ರೀಮಿಂಗ್’ಗೆ ‘ಹೊನಲು’ ಇದ್ದೇ ಇದೆ. ಸಂಸ್ಕೃತಕ್ಕೆ ಕೈಯೊಡ್ಡುವ ಚಟ ಯಾವಾಗ ಬಿಡುತ್ತೀರೋ.

ಮರು:
‘ನೆನೆನೋಟ’ ಅಂದರೆ ಯಾರನ್ನೋ ನೆನೆದುಕೊಂಡು ನೋಡುವುದು ಅಂತಲೇ ಜನ ಓದುತ್ತಾರೆ. ಸುಮ್ನೆ ‘ಬಿಂಜ್ ಮಾಡಿದರು’ ಅಂತ ಬರೆಯಿರಿ. ಕಾಲಿನ್ಸ್ ಇಂಗ್ಲಿಷ್ ನಿಘಂಟು ‘ಬಿಂಜ್-ವಾಚ್’ ಅನ್ನು ವರ್ಷದ ಪದ ಅಂತ ಆರಿಸಿದ್ದೇ 2015ರಲ್ಲಿ. ಇಂಗ್ಲಿಷಿನವರಿಗೇ ಹೊಸದು, ನಮಗ್ಯಾಕೆ ಇಷ್ಟು ಗಡಿಬಿಡಿ?

ಮರು:
ಇಬ್ಬರೂ ‘ಎಷ್ಟು ನೋಡಿದರು’ ಎಂಬುದನ್ನೇ ಹಿಡಿದುಕೊಂಡಿದ್ದೀರಿ. ಜಾಸ್ತಿ ಟೀವಿ ನೋಡುವವರು ಮುಂಚೆಯೂ ಇದ್ದರು. ಈಗ ಹೋಗಿದ್ದು ಕಂತುಗಳ ನಡುವಿನ ಕಾಯುವಿಕೆ. ಕೊನೆಯ ಹೆಸರುಗಳು ಇನ್ನೂ ಓಡುತ್ತಿರುತ್ತವೆ, ಅಷ್ಟರಲ್ಲೇ ಪರದೆಯ ಮೂಲೆಯಲ್ಲಿ ಐದು, ನಾಲ್ಕು, ಮೂರು ಅಂತ ಎಣಿಕೆ ಶುರು. ರಿಮೋಟ್ ಮುಟ್ಟದಿದ್ದರೆ ಮುಂದಿನ ಕಂತು ತಾನಾಗಿಯೇ ಬಂತು. ಮುಂಚೆ ನೋಡುವುದಕ್ಕೆ ಹೊತ್ತಿಗೆ ಸರಿಯಾಗಿ ಬಂದು ಕೂರಬೇಕಿತ್ತು, ಈಗ ನಿಲ್ಲಿಸುವುದಕ್ಕೆ ಮನಸ್ಸು ಮಾಡಬೇಕು. ತುಂಬಾ ಹೊತ್ತು ಏನೂ ಒತ್ತದಿದ್ದರೆ ‘ಇನ್ನೂ ನೋಡುತ್ತಿದ್ದೀರಾ?’ ಅಂತ ಅದೇ ವಿಚಾರಿಸಿಕೊಳ್ಳುತ್ತೆ!

ಇದಕ್ಕೆ ಆಡುಮಾತು ಸಾಕು: ‘ಒಂದೇ ಪಟ್ಟಿಗೆ ನೋಡಿದರು’. ಕಾದಂಬರಿಯನ್ನು ಒಂದೇ ಪಟ್ಟಿಗೆ ಓದಿ ಮುಗಿಸಿದೆ ಅನ್ನಲ್ವಾ? ಎಲ್ಲ ಕಂತು ಒಟ್ಟಿಗೆ ಬಿಡುವುದಕ್ಕೆ ‘ಇಡಿಗಂಟಾಗಿ’ ಅನ್ನಿ. ಸಾಲ ತೀರಿಸುವಾಗ ಕಂತಿನ ಎದುರು ನಿಲ್ಲುವ ಪದ ಅದೇ ತಾನೇ. ಬೇಕಾಗುತ್ತೆ ಕೂಡ, ಏಕೆಂದರೆ ಈಗ ವಾರಕ್ಕೊಂದು ಕಂತು ಬಿಡುವ ಪದ್ಧತಿ ಮತ್ತೆ ಬಂದಿದೆ. ಡಿಸ್ನಿ ಪ್ಲಸ್ 2019ರಲ್ಲಿ ಶುರುವಾದಾಗಲೇ ಹಾಗೆ ಮಾಡಿತು. ನೆಟ್‌ಫ್ಲಿಕ್ಸ್ ಸಹ ಕೆಲವು ಸೀಸನ್‌ಗಳನ್ನು ಎರಡು ಭಾಗ ಮಾಡಿ ಬಿಡುತ್ತಿದೆ.

ಅಂದಹಾಗೆ, ‘ಧಾರಾವಾಹಿ’ ಅಂದರೆ ಧಾರೆಯಾಗಿ ಹರಿಯುವುದು. ದಿನಕ್ಕೊಂದು ಕಂತು ತೊಟ್ಟಿಕ್ಕುತ್ತಿದ್ದಾಗ ಆ ಹೆಸರು ಇಟ್ಟುಕೊಂಡೆವು. ನಿಜವಾಗಿ ಹರಿಯತೊಡಗಿದ ಮೇಲೆ ‘ವೆಬ್ ಸರಣಿ’ ಅನ್ನುತ್ತಿದ್ದೇವೆ.

ಮರು:
‘ಒಂದೇ ಪಟ್ಟಿಗೆ ನೋಡು’ ನುಡಿಗಟ್ಟು, ಪದವಲ್ಲ. ‘ಧಾರಾವಾಹಿ’ ಕನ್ನಡವೂ ಅಲ್ಲ.

ಮರು:
ಕುರ್ಚಿ ಅರಬ್ಬಿಯಿಂದ ಬಂದದ್ದು. ಎದ್ದು ನಿಂತು ಟೀವಿ ನೋಡುತ್ತೀರಾ ಸಾರ್?

ಮರು:
ವಂದನೆಗಳು. ‘ಒಂದೇ ಪಟ್ಟಿಗೆ ನೋಡಿ ಮುಗಿಸಿದರು’ ಅಂತ ಹಾಕಿದೆ, ‘ಇಡಿಗಂಟಾಗಿ’ ಸಹ ಸೇರಿಸಿಕೊಂಡೆ. ‘ಸ್ಟ್ರೀಮಿಂಗ್’ ಹಾಗೇ ಇದೆ. ಮುಂದಿನ ಪ್ಯಾರಾದಲ್ಲಿ ‘ಸ್ಪಾಯ್ಲರ್’ (ಕಥೆಯ ಗುಟ್ಟನ್ನು ಮೊದಲೇ ಬಿಟ್ಟುಕೊಡುವ ಮಾತು) ಬಂದಿದೆ. ಯಾರಾದರೂ ಬೇಗ ಹೇಳಿ, ದಯವಿಟ್ಟು ಇಂಗ್ಲೆಂಡಿನ ಹಳ್ಳಿಗೆ ಹೋಗದೆ.